ಲಾಲ್‌ಬಾಗ್ ಕುದುರೆ ಮಾಡಿದ್ದು ಯಾರು ಗೊತ್ತಾ? ನಲವತ್ತು ದಾಟಿದ ಮೇಲೆ ಕುದುರೆಗೆ ಕೈ ಹಾಕಿದ ಆನ್‌ಸ್ಲೋ ಫೋರ್ಡ್

ಇಂದಿರಾನಗರ: ಇಲ್ಲಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಲಾಲ್‌ಬಾಗ್ ಈಗ ದೂರವೇನಲ್ಲ. ಆಗಸ್ಟ್, ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳು ಮರಿ ಕಟ್ಟಿಕೊಂಡು ಹೋಗದ ಮನೆ ಕಡಿಮೆ. ಗಾಜಿನ ಮನೆ ಕಡೆ ನಡೆಯುವಾಗ ಕುದುರೆ ಏರಿ ಕೂತ ಚಾಮರಾಜೇಂದ್ರ ಒಡೆಯರ್ ಪ್ರತಿಮೆ ಸಿಗುತ್ತೆ. ಅದರ ಮುಂದೆ ಫೋಟೋ ತೆಗೆಸಿಕೊಳ್ಳುವವರು ಬಹಳ. ಅದನ್ನು ಮಾಡಿದವರು ಯಾರು ಅಂತ ಕೇಳಿದರೆ ಮಾತ್ರ ಉತ್ತರ ಹೇಳೋರು ಕಡಿಮೆ.

ಅವರ ಹೆಸರು ಎಡ್ವರ್ಡ್ ಆನ್‌ಸ್ಲೋ ಫೋರ್ಡ್. ಹುಟ್ಟಿದ್ದು 1852ರ ಜುಲೈ 27ರಂದು, ಲಂಡನ್ನಿನಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮೊದಲು ಹಿಡಿದದ್ದು ಉಳಿಯನ್ನಲ್ಲ, ಕುಂಚವನ್ನು. ಚಿತ್ರಕಲೆ ಕಲಿಯಲು 1870ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ಗೆ ಹೋದರು, ಅಲ್ಲಿಂದ ಜರ್ಮನಿಯ ಮ್ಯೂನಿಕ್‌ಗೆ. ಮ್ಯೂನಿಕ್‌ನಲ್ಲಿ ವಾಗ್‌ಮ್ಯುಲ್ಲರ್ ಎಂಬ ಶಿಲ್ಪಿ ಈ ಹುಡುಗನ ಕೈಗುಣ ಗುರುತಿಸಿ, ಬಣ್ಣ ಬಿಟ್ಟು ಮಣ್ಣು ಹಿಡಿ ಅಂದರು. ಅಲ್ಲಿಂದ ದಾರಿಯೇ ಬದಲಾಯಿತು.

ಊರಿಗೆ ಮರಳಿ 1875ರಲ್ಲಿ ಹೆಂಡತಿಯ ಮುಖದ ಪ್ರತಿಮೆಯೊಂದನ್ನು ರಾಯಲ್ ಅಕಾಡೆಮಿ ಪ್ರದರ್ಶನದಲ್ಲಿಟ್ಟರು. ಅಂಚೆ ಚೀಟಿ ವ್ಯವಸ್ಥೆ ತಂದ ರೋಲೆಂಡ್ ಹಿಲ್ ಪ್ರತಿಮೆ, ಹ್ಯಾಮ್ಲೆಟ್ ವೇಷದ ನಟ ಹೆನ್ರಿ ಅರ್ವಿಂಗ್, ಆಕ್ಸ್‌ಫರ್ಡ್‌ನ ಕವಿ ಶೆಲ್ಲಿ ಸ್ಮಾರಕ ಹೀಗೆ ಒಂದೊಂದೇ ಕೆಲಸದಿಂದ ಹೆಸರು ಬಂತು. ಆದರೆ ಇವೆಲ್ಲ ಮನುಷ್ಯರ ರೂಪಗಳು.

ದೊಡ್ಡ ಪ್ರಾಣಿಗೆ ಅವರು ಕೈ ಹಾಕಿದ್ದು 1890ರ ಹೊತ್ತಿಗೆ, ಅದೂ ಒಂಟೆಗೆ! ಜನರಲ್ ಗಾರ್ಡನ್ ಒಂಟೆ ಮೇಲೆ ಕೂತ ಆ ಪ್ರತಿಮೆ ಚಾಥಮ್‌ನಲ್ಲಿದೆ. ಕುದುರೆ ಬಂದದ್ದು ಅದಕ್ಕೂ ಆಮೇಲೆ, ವಯಸ್ಸು ನಲವತ್ತು ದಾಟಿದ ಮೇಲೆ. ಕುದುರೆ ಮಾಡೋದು ಹುಡುಗಾಟವಲ್ಲ. ಅಷ್ಟು ದೊಡ್ಡ ಮೈ, ಮೇಲೊಬ್ಬ ಸವಾರ, ಎಲ್ಲ ಭಾರ ಹೊರಬೇಕಾದ್ದು ಸಣ್ಣ ಕಾಲುಗಳು. ಒಳಗೆ ಕಬ್ಬಿಣದ ಹಂದರ ಕಟ್ಟಿ, ಮಣ್ಣು ಮೆತ್ತಿ, ಅಚ್ಚು ತೆಗೆದು, ಆಮೇಲೆ ಲೋಹದ ಎರಕ. ಎಲ್ಲಿ ತೂಕ ತಪ್ಪಿದರೂ ಮಾಡಿದ್ದೆಲ್ಲ ದಂಡ.

1895ರಲ್ಲಿ ಲಂಡನ್ನಿನ ನೈಟ್ಸ್‌ಬ್ರಿಡ್ಜ್‌ನಲ್ಲಿ ನಿಂತ ಆ ಕುದುರೆಯ ಸವಾರ ಲಾರ್ಡ್ ಸ್ಟ್ರಾತ್‌ನೇರ್ನ್. ಈತ ಬೇರೆ ಯಾರೂ ಅಲ್ಲ, 1858ರಲ್ಲಿ ಝಾನ್ಸಿಗೆ ಮುತ್ತಿಗೆ ಹಾಕಿದ ಹ್ಯೂ ರೋಸ್. ಎರಕಕ್ಕೆ ಬಳಸಿದ್ದು 1857ರ ಹೋರಾಟದಲ್ಲಿ ನಮ್ಮವರಿಂದ ಕಸಿದ ತೋಪುಗಳ ಲೋಹ. ಶಿಲ್ಪಿಯ ಕೈ ಎಷ್ಟು ಪಳಗಿದ್ದರೂ ಈ ಮಾತು ಮರೆಯುವಂಥದ್ದಲ್ಲ.

ಅದೇ ಕೈಗೆ ಮೈಸೂರಿನ ಕೆಲಸವೂ ಬಂತು. ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ, 1881ರಲ್ಲಿ. ಲಾಲ್‌ಬಾಗ್‌ನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೂ ಅವರ ಕಾಲದಲ್ಲೇ. 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಗಂಟಲಮಾರಿ ರೋಗದಿಂದ ಅವರು ತೀರಿಕೊಂಡಾಗ ವಯಸ್ಸು ಬರೀ 31. ಅಕಾಲದಲ್ಲಿ ಹೋದ ಆ ದೊರೆಯನ್ನು ಫೋರ್ಡ್ ಕುದುರೆ ಮೇಲೆ ಕೂರಿಸಿದರು. 1900ರ ಕೆಲಸ ಅದು.

ಕುದುರೆ ವಿದ್ಯೆ ಕೈಗೆ ಹತ್ತಿತ್ತು, ಆದರೆ ಕಾಲ ಉಳಿದಿರಲಿಲ್ಲ. 1901ರ ಡಿಸೆಂಬರ್ 23ರಂದು ಫೋರ್ಡ್ ಕಣ್ಮುಚ್ಚಿದರು. ಐವತ್ತು ಕೂಡ ತುಂಬಿರಲಿಲ್ಲ. ಲಂಡನ್ನಿನ ಅಬ್ಬೆ ರೋಡ್ ಮೂಲೆಯಲ್ಲಿ ಅವರದೊಂದು ಸ್ಮಾರಕವಿದೆ. ಬೀಟಲ್ಸ್ ತಂಡ ರಸ್ತೆ ದಾಟಿದ ಪ್ರಸಿದ್ಧ ಫೋಟೋ ಇದೆಯಲ್ಲ, ಅದೇ ರಸ್ತೆ.

ನೈಟ್ಸ್‌ಬ್ರಿಡ್ಜ್‌ನ ಕುದುರೆಯನ್ನು 1931ರಲ್ಲಿ ನೆಲದಡಿ ರೈಲು ನಿಲ್ದಾಣದ ಕಾಮಗಾರಿಗಾಗಿ ಎತ್ತಿಬಿಟ್ಟರು. ಈಗ ಅದು ಹ್ಯಾಂಪ್‌ಶೈರ್‌ನ ಒಂದು ಹಳ್ಳಿ ಕಡೆ ಇದೆ, ಹುಡುಕಿಕೊಂಡೇ ಹೋಗಬೇಕು. ನಮ್ಮ ಕುದುರೆಗೆ ಆ ಗತಿ ಇಲ್ಲ, ನಡುತೋಟದಲ್ಲೇ ನಿಂತಿದೆ. ಮುಂದಿನ ಸಲ ಹೂವು ನೋಡಲು ಹೋದಾಗ ಐದು ನಿಮಿಷ ಅಲ್ಲಿ ನಿಂತು, ರಾಜರ ಜೊತೆ ಕುದುರೆಯ ಕಾಲನ್ನೂ ನೋಡಿ. ನಲವತ್ತು ದಾಟಿದ ಮೇಲೆ ಕಲಿತವನ ಕೆಲಸ ಅದು.