ಅರಮನೆಯ ಸಂಬಳ ನಿಂತ ಮೇಲೆ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯರೊಡನೆ ಕೈಮುಗಿದು ನಿಂತ ವಿಗ್ರಹಗಳಿವೆ. ಆ ತಾಲ್ಲೂಕಿನಲ್ಲಿ ಕಂದಾಯಾಧಿಕಾರಿಯಾಗಿದ್ದ ವರ್ಷಗಳಲ್ಲಿ, ದೊಡ್ಡ ಜಾತ್ರೆಯ ಏರ್ಪಾಡುಗಳಿಗೆಂದು ಹೋದಾಗಲೆಲ್ಲ ಅವುಗಳ ಮುಂದೆ ಹಾದುಹೋಗುತ್ತಿದ್ದೆ. 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಕಳೆದುಕೊಂಡ ಈ ದೊರೆ ತಮ್ಮ ಆಸಕ್ತಿಯನ್ನು ವಿದ್ಯೆ ಮತ್ತು ಕಲೆಗಳ ಕಡೆಗೆ ತಿರುಗಿಸಿದ್ದು ಎಲ್ಲರಿಗೂ ಗೊತ್ತು. ಅವರು ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಗ್ರಂಥದಲ್ಲಿ 122 ಯೋಗಾಸನಗಳ ಚಿತ್ರಗಳಿವೆ ಎಂಬುದು ಮಾತ್ರ ಅಷ್ಟಾಗಿ ಪ್ರಚಾರದಲ್ಲಿರಲಿಲ್ಲ. ನಾರ್ಮನ್ ಸ್ಯೋಮನ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಹೊರಜಗತ್ತಿನ ಗಮನಕ್ಕೆ ಬಂತು. ಮೈಸೂರು ಅರಮನೆಗೂ ಯೋಗಕ್ಕೂ ಇದ್ದ ನಂಟು ನಾವು ತಿಳಿದುಕೊಂಡಿದ್ದಕ್ಕಿಂತ ಹಳೆಯದು.

ಆ ನಂಟಿನ ಕೊನೆಯ ಕೊಂಡಿ ತಿರುಮಲೈ ಕೃಷ್ಣಮಾಚಾರ್ಯರು. ಅವರನ್ನು ಋಷಿಯೆಂದು ಪೂಜಿಸುವವರು ಬಹಳ ಮಂದಿ. ಅರ್ಥಶಾಸ್ತ್ರ ಓದಿ ಸರ್ಕಾರಿ ಚಾಕರಿ ಮಾಡಿದ ನನಗೆ ಅವರ ಜೀವನದಲ್ಲಿ ಮೊದಲು ಕಾಣುವುದು ಬೇರೊಂದು. ಇಂದಿನ ಕ್ರೀಡಾ ತರಬೇತುದಾರರು ಒಂದು ಕಾಲೇಜಿನ ಕೆಲಸ ಮುಗಿದರೆ ಇನ್ನೊಂದು ಕಾಲೇಜು, ಒಂದು ಊರು ಸಾಕೆಂದರೆ ಇನ್ನೊಂದು ಊರು ಎಂದು ಗಂಟುಮೂಟೆ ಕಟ್ಟುತ್ತಾರಲ್ಲ, ಬಹುಮಟ್ಟಿಗೆ ಅಂಥದೇ ವೃತ್ತಿಜೀವನ ಅವರದು. ಪಾಠಶಾಲೆ, ಅರಮನೆ, ಕಾಲೇಜು, ಕೊನೆಗೆ ಮನೆಯಲ್ಲಿಯೇ ಪಾಠ.

ಅವರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಹತ್ತರ ವಯಸ್ಸಿಗೆ ತಂದೆ ತೀರಿಕೊಂಡರು. ಕುಟುಂಬ ಮೈಸೂರಿಗೆ ಬಂತು. ಮುತ್ತಜ್ಜನವರು ಪರಕಾಲ ಮಠದ ಪೀಠಾಧಿಪತಿಗಳಾಗಿದ್ದುದರಿಂದ ಆಶ್ರಯವೂ ಸಂಸ್ಕೃತ ವಿದ್ಯೆಯೂ ದೊರೆತವು. ಮುಂದೆ ಕಾಶಿ, ಪಾಟ್ನಾ, ಮತ್ತೆ ಕಾಶಿ ಎಂದು ಇಪ್ಪತ್ತು, ಮೂವತ್ತರ ಪ್ರಾಯವೆಲ್ಲ ಓದು ಮತ್ತು ಅಲೆದಾಟದಲ್ಲಿ ಕಳೆಯಿತು. ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳೂವರೆ ವರ್ಷ ಯೋಗ ಕಲಿತೆನೆಂದು ಅವರು ಹೇಳಿಕೊಂಡಿದ್ದಾರೆ. ಇದಕ್ಕೆ ಅವರ ಮಾತೇ ಆಧಾರ. ನಂಬುವವರು ನಂಬಲಿ, ಆ ಮನುಷ್ಯನ ಮೈಯಲ್ಲಿದ್ದ ವಿದ್ಯೆಗಂತೂ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಷ್ಟು ಓದಿದವರಿಗೆ ಊರಿಗೆ ಮರಳಿದ ಮೇಲೆ ಸಿಕ್ಕ ಕೆಲಸವಾದರೂ ಯಾವುದು? 1925ರಲ್ಲಿ ನಾಮಗಿರಿಯಮ್ಮನವರೊಡನೆ ವಿವಾಹವಾಯಿತು, ಸಂಸಾರ ನಡೆಯಬೇಕಿತ್ತು. ಷಡ್ದರ್ಶನಗಳನ್ನು ಅರಗಿಸಿಕೊಂಡಿದ್ದ ವಿದ್ವಾಂಸರು ಹಾಸನದ ಕಡೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾದರು. ಚಡ್ಡಿ, ಅರ್ಧ ತೋಳಿನ ಅಂಗಿ, ತಲೆಗೆ ಹ್ಯಾಟು, ಕೈಯಲ್ಲಿ ಕೋಲು. ಆ ವೇಷದಲ್ಲಿ ಅವರು ತೋಟ ಸುತ್ತುತ್ತಿದ್ದರೆಂದು ಅವರ ಜೀವನ ಬರೆದವರು ದಾಖಲಿಸಿದ್ದಾರೆ. ಇದನ್ನು ಕೆಲವರು ಮುಜುಗರದಿಂದ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೋ ಇದು ಅವರ ಬದುಕಿನ ಬಹು ಮುಖ್ಯವಾದ ಘಟ್ಟ. ಅಂದಿನ ಮೈಸೂರು ಸೀಮೆಯಲ್ಲಿ ಯೋಗವೆಂಬ ವಿದ್ಯೆಗೆ ಬೆಲೆ ಕಟ್ಟುವ ಪೇಟೆಯೇ ಇರಲಿಲ್ಲ. ಅದನ್ನು ಬಲ್ಲವನು ಹೊಟ್ಟೆಪಾಡಿಗೆ ಕಾಫಿ ಗಿಡ ಕಾಯಬೇಕಿತ್ತು. ಬಿಡುವಿದ್ದಾಗ ಸಭೆಗಳಲ್ಲಿ ಉಪನ್ಯಾಸ, ಪ್ರಾತ್ಯಕ್ಷಿಕೆ ನಡೆಸುತ್ತಿದ್ದರು. 1927ರಲ್ಲಿ ಹಾಸನದಲ್ಲಿ ಅಂಥದೊಂದನ್ನು ಕಂಡು ಮರುದಿನವೇ ಶಿಷ್ಯನಾದ ಹನ್ನೆರಡು ವರ್ಷದ ಹುಡುಗನೇ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸ್.

ಆ ವಿದ್ಯೆಯನ್ನು ಕೊಂಡುಕೊಂಡವರು ಒಬ್ಬರೇ, ನಾಲ್ವಡಿ ಕೃಷ್ಣರಾಜ ಒಡೆಯರು. 1931ರಲ್ಲಿ ಆಚಾರ್ಯರು ಮೈಸೂರಿನ ಸಂಸ್ಕೃತ ಪಾಠಶಾಲೆಗೆ ಬಂದರು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆ ತೆರೆಯಿತು. ಮುಖ್ಯವಾಗಿ ಅರಸು ಮನೆತನಗಳ ಬಾಲಕರಿಗೆ ಅಲ್ಲಿ ಪಾಠ. ಬೆಳೆಯುವ ಹುಡುಗರ ಚುರುಕಿಗೆ ತಕ್ಕಂತೆ ಆಸನದಿಂದ ಆಸನಕ್ಕೆ ಉಸಿರಿನ ಲೆಕ್ಕದಲ್ಲಿ ಜಿಗಿದು ಸಾಗುವ ಕ್ರಮವೊಂದು ಅಲ್ಲಿ ರೂಪುಗೊಂಡಿತು. ಇಂದು ಲೋಕವೆಲ್ಲ ಅಷ್ಟಾಂಗವೆಂದು ಕರೆಯುವುದರ ಮೂಲ ಅದು. 1934ರಲ್ಲಿ ‘ಯೋಗ ಮಕರಂದ’ವನ್ನೂ 1941ರಲ್ಲಿ ‘ಯೋಗಾಸನಗಳು’ ಎಂಬುದನ್ನೂ ಕನ್ನಡದಲ್ಲಿಯೇ ಬರೆದರು. ವಿದೇಶೀಯರು ಇಂಗ್ಲಿಷಿನಲ್ಲಿ ಹುಡುಕಿ ಓದುವ ಈ ಪುಸ್ತಕಗಳು ಮೊದಲು ನಮ್ಮ ಭಾಷೆಯಲ್ಲಿ ಬಂದವೆಂಬುದು ನಮ್ಮಲ್ಲೇ ಅನೇಕರಿಗೆ ತಿಳಿದಿಲ್ಲ.

ಸಂಬಳದ ಜೊತೆಗೆ ಪ್ರಚಾರದ ಹೊಣೆಯೂ ಇತ್ತು. ಮಹಾರಾಜರ ಅಪೇಕ್ಷೆಯಂತೆ ಊರೂರು ತಿರುಗಿ ಶಿಷ್ಯರಿಂದ ಕಠಿಣ ಆಸನಗಳನ್ನು ಮಾಡಿಸಿ ತೋರಿಸಬೇಕು. ಜನ ಬೆರಗಾಗಬೇಕು, ಆಮೇಲೆ ಮಾತು. 1936ರ ಉತ್ತರ ಕರ್ನಾಟಕದ ಪ್ರವಾಸದಲ್ಲಿ ಬೆಳಗಾವಿಯ ಸಿವಿಲ್ ಸರ್ಜನ್ ಒಬ್ಬರು ಇದನ್ನು ಮೆಚ್ಚಿದ್ದರ ಫಲವಾಗಿ, 1937ರಲ್ಲಿ ಪುಣೆಗೆ ಯೋಗ ಕಲಿಸಲು ಒಬ್ಬ ಶಿಷ್ಯನನ್ನು ಕಳಿಸಿಕೊಡಬೇಕಾಯಿತು. ಹೋದವರು ನಾಮಗಿರಿಯಮ್ಮನವರ ತಮ್ಮ, ಹದಿನೆಂಟರ ಬಿ.ಕೆ.ಎಸ್. ಅಯ್ಯಂಗಾರ್. ಆರು ತಿಂಗಳಿಗೆಂದು ಹೋದವರು ಅಲ್ಲಿಯೇ ನೆಲೆಸಿದರು. ಇದೇ ಕಾಲದಲ್ಲಿ ರೀಗಾದಲ್ಲಿ ಹುಟ್ಟಿದ ಯುರೋಪಿಯನ್ ಮಹಿಳೆಯೊಬ್ಬರು ಕಲಿಯಲು ಬಂದಾಗ ಆಚಾರ್ಯರು ಒಪ್ಪಲಿಲ್ಲ; ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಇಂದ್ರಾದೇವಿ ಎಂಬ ಹೆಸರಿನಿಂದ ಆಕೆ ಮುಂದೆ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದರು.

ಗುರುವಾಗಿ ಅವರು ಬಲು ಕಠೋರ. ಅಯ್ಯಂಗಾರ್ಯರು ಕೊನೆಯವರೆಗೂ ಆ ದಿನಗಳ ಏಟುಗಳನ್ನೂ ಭಯವನ್ನೂ ಮರೆಯಲಿಲ್ಲ. ಇದನ್ನು ಗುರುಕುಲದ ಶಿಸ್ತೆಂದು ಸಮರ್ಥಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಶಾಲೆಗೆ ಹುಡುಗರು ತಾವಾಗಿ ಬಂದು ತುಂಬಿಕೊಳ್ಳದಿರಲು ಆ ಕೋಪವೂ ಒಂದು ಕಾರಣವಾಗಿದ್ದೀತು. ಅರಮನೆಯ ಹಣ ಇರುವವರೆಗೆ ಅದರ ಪರಿಣಾಮ ಕಾಣುವಂತಿರಲಿಲ್ಲ, ಅಷ್ಟೆ.

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಜಯಚಾಮರಾಜ ಒಡೆಯರ ಕಾಲದಲ್ಲಿ ಶಾಲೆ ನಡೆಯಿತಾದರೂ ಹಿಂದಿನ ಕಳೆ ಉಳಿಯಲಿಲ್ಲ. ಇಲ್ಲಿ ನೆರೆಯ ತಿರುಮಕೂಡಲು ನರಸೀಪುರದ ಇನ್ನೊಬ್ಬ ಪುತ್ರನನ್ನು ನೆನೆಯಬೇಕು. ಪಿಟೀಲು ಚೌಡಯ್ಯನವರೂ ಅದೇ ಅರಮನೆಯ ಆಸ್ಥಾನ ವಿದ್ವಾಂಸರು. ಅವರ ಏಳು ತಂತಿಯ ಪಿಟೀಲಿಗೆ ಅರಮನೆಯಲ್ಲದೆ ಮದರಾಸಿನ ಸಭೆಗಳಿದ್ದವು, ರಾಮೋತ್ಸವಗಳಿದ್ದವು, ಗ್ರಾಮಫೋನು, ರೇಡಿಯೊ ಇದ್ದವು. ಟಿಕೆಟ್ ಕೊಂಡು ಕೇಳುವ ಮಧ್ಯಮವರ್ಗವಿತ್ತು. ಅರಸೊತ್ತಿಗೆ ಮುಗಿದರೂ ಅವರ ಕಛೇರಿಗಳು ಮುಗಿಯಲಿಲ್ಲ. 1957ರಲ್ಲಿ ಸಂಗೀತ ಕಲಾನಿಧಿ ಬಿರುದೂ ಬಂತು. ಯೋಗಕ್ಕೆ ಅಂಥ ಸಭೆಯೊಂದು ಇರಲಿಲ್ಲ. ಕೊಳ್ಳುವವನು ಒಬ್ಬನೇ ಇರುವ ಪೇಟೆಯಲ್ಲಿ ಅವನು ಎದ್ದುಹೋದರೆ ಏನಾಗುವುದೆಂದು ನಾವು ಎಂ.ಎ. ತರಗತಿಯಲ್ಲಿ ರೇಖೆ ಎಳೆದು ಕಲಿತದ್ದನ್ನು ಆಚಾರ್ಯರು ಅರುವತ್ತು ದಾಟಿದ ಮೇಲೆ ಅನುಭವಿಸಿದರು.

ಸಂಸ್ಥಾನದ ಆಡಳಿತ ಚುನಾಯಿತರ ಕೈಗೆ ಬಂತು. ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ, 1950ರಲ್ಲಿ, ಯೋಗಶಾಲೆ ಮುಚ್ಚಿತು. ಇದನ್ನು ಹೊಸ ಸರ್ಕಾರದ ಅರಸಿಕತೆಯೆಂದು ಬಯ್ಯುವುದು ಸುಲಭ. ಅಂಥ ಕಡತಗಳನ್ನು ನೂರಾರು ನೋಡಿದವನಾಗಿ ನಾನು ಹಾಗೆ ಬಯ್ಯಲಾರೆ. ಒಂದು ಕಡೆ ಕೆಲವೇ ವಿದ್ಯಾರ್ಥಿಗಳು, ಅದರಲ್ಲೂ ಹೆಚ್ಚಿನವರು ಅರಮನೆಯ ಬಳಗ; ಇನ್ನೊಂದು ಕಡೆ ಹಳ್ಳಿಗಳಿಗೆ ಶಾಲೆ, ಆಸ್ಪತ್ರೆ, ಕುಡಿಯುವ ನೀರು. ನಂಜನಗೂಡು, ನರಸೀಪುರದ ಯಾವ ರೈತನನ್ನು ಕೇಳಿದ್ದರೂ ಅಂದು ಅದೇ ಉತ್ತರ ಬರುತ್ತಿತ್ತು. ನನ್ನ ತಕರಾರು ಇಷ್ಟೇ: ಮುಚ್ಚುವುದಕ್ಕೂ ರೂಪಾಂತರಿಸುವುದಕ್ಕೂ ನಡುವೆ ದಾರಿಗಳಿದ್ದವು. ಪಟ್ಟಾಭಿ ಜೋಯಿಸರು ಸಂಸ್ಕೃತ ಪಾಠಶಾಲೆಯಲ್ಲಿ 1937ರಿಂದ ಯೋಗ ಕಲಿಸುತ್ತಿದ್ದು 1973ರವರೆಗೂ ಮುಂದುವರಿದರು. ಗುರುವಿಗೂ ಅಂಥದೊಂದು ಸ್ಥಾನವನ್ನು, ದೈಹಿಕ ಶಿಕ್ಷಣದ ಅಧ್ಯಾಪಕರನ್ನು ತರಬೇತುಗೊಳಿಸುವ ಹೊಣೆಯೊಂದಿಗೆ, ಕೊಡಬಹುದಿತ್ತು. ಆಯವ್ಯಯದ ಪಟ್ಟಿಯಲ್ಲಿ ಒಬ್ಬ ಮನುಷ್ಯ ಕಲಿಸಬಲ್ಲ ವಿದ್ಯೆಗೆ ಕಾಲಂ ಇರುವುದಿಲ್ಲ.

ಆಚಾರ್ಯರು ಮೈಸೂರು ಬಿಟ್ಟರು. 1950ರ ದಶಕದ ಆರಂಭದಲ್ಲಿ ಮದರಾಸಿನ ವಿವೇಕಾನಂದ ಕಾಲೇಜಿನಲ್ಲಿ ಕಲಿಸುವ ಅವಕಾಶ ಬಂತು. ಸಂಸಾರ ಅಲ್ಲಿಗೆ ಹೋಯಿತು. ಆ ವಯಸ್ಸಿನಲ್ಲಿ ಹೊಸ ಊರು, ಹೊಸ ಭಾಷೆಯ ನೆರೆಹೊರೆ. ಅಚ್ಚರಿಯೆಂದರೆ ಅಲ್ಲಿ ಅವರ ಕಲಿಸುವ ರೀತಿಯೇ ಬದಲಾಯಿತು. ಎದುರಿಗೆ ಜಿಗಿಯುವ ಅರಸು ಬಾಲಕರಿರಲಿಲ್ಲ. ಪಾರ್ಶ್ವವಾಯು, ಉಬ್ಬಸ, ನಿದ್ರಾಹೀನತೆಯಿಂದ ಬಳಲುವ ನಡುವಯಸ್ಸಿನವರಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕ್ರಮ, ನಿಧಾನದ ಉಸಿರು, ಎಷ್ಟು ಸಾಧ್ಯವೋ ಅಷ್ಟೇ ಆಸನ. ಮೈಸೂರಿನಲ್ಲಿ ಕಲಿತವರಿಗೂ ಮದರಾಸಿನಲ್ಲಿ ಕಲಿತವರಿಗೂ ಒಬ್ಬನೇ ಗುರುವೆಂದರೆ ನಂಬುವುದು ಕಷ್ಟ. ಸ್ತ್ರೀಯರಿಗೆ ಕಲಿಸಲು ಹಿಂಜರಿದವರು ಈಗ ಅವರಿಗೆ ವೇದಪಾಠವನ್ನೂ ಹೇಳಿದರು.

ಮಗ ದೇಶಿಕಾಚಾರ್ ಎಂಜಿನಿಯರಿಂಗ್ ಓದಿ ಉದ್ಯೋಗದ ದಾರಿಯಲ್ಲಿದ್ದವರು. 1960ರ ದಶಕದ ಆರಂಭದಲ್ಲಿ ಒಂದು ಬೆಳಿಗ್ಗೆ ನ್ಯೂಜಿಲೆಂಡಿನ ಮಹಿಳೆಯೊಬ್ಬರು ಕಾರಿನಿಂದಿಳಿದು, ಬಹುಕಾಲದ ನಂತರ ರಾತ್ರಿಯಿಡೀ ನಿದ್ದೆ ಬಂದ ಸಂತೋಷಕ್ಕೆ ಈ ಮಡಿವಂತ ವೃದ್ಧರನ್ನು ಬೀದಿಯಲ್ಲೇ ತಬ್ಬಿಕೊಂಡರಂತೆ. ಅದನ್ನು ಕಂಡ ಮಗ ಎಂಜಿನಿಯರಿಕೆ ಬಿಟ್ಟು ತಂದೆಯ ಶಿಷ್ಯನಾದರು. 1976ರಲ್ಲಿ ತಂದೆಯ ಹೆಸರಿನಲ್ಲಿ ಯೋಗ ಮಂದಿರ ಸ್ಥಾಪಿಸಿದರು.

ಇತ್ತ ಮೈಸೂರಿನಲ್ಲಿ ಜೋಯಿಸರು ಲಕ್ಷ್ಮೀಪುರದ ಮನೆಯಲ್ಲಿ ನಡೆಸುತ್ತಿದ್ದ ಸಣ್ಣ ಯೋಗಶಾಲೆಗೆ 1964ರಲ್ಲಿ ಬೆಲ್ಜಿಯಂನ ಒಬ್ಬರು ಬಂದರು. ಅವರು ಬರೆದುದನ್ನು ಓದಿ ಮತ್ತಷ್ಟು ಮಂದಿ ಬಂದರು. 1966ರಲ್ಲಿ ಅಯ್ಯಂಗಾರ್ಯರ ‘ಲೈಟ್ ಆನ್ ಯೋಗ’ ಪ್ರಕಟವಾಯಿತು. ಸರ್ಕಾರ ಕೈಬಿಟ್ಟ ವಿದ್ಯೆ ಗೋಕುಲಂ ಬಡಾವಣೆಯ ಮನೆಬಾಡಿಗೆಯನ್ನು ನಿರ್ಧರಿಸುವಷ್ಟು ಬೆಳೆಯಿತು. ಚಾಮುಂಡಿಬೆಟ್ಟ ಹತ್ತಿ, ಕಪಿಲಾ ತೀರದಲ್ಲಿ ಕುಳಿತು ಹೋಗುವ ವಿದೇಶೀ ವಿದ್ಯಾರ್ಥಿಗಳಿಂದ ನಂಜನಗೂಡಿನ ರಸ್ತೆಯ ಎಳನೀರಿನವರಿಗೂ ಒಂದಿಷ್ಟು ವ್ಯಾಪಾರವಾಗುತ್ತದೆ. ಈ ಹಣದಲ್ಲಿ ಆಚಾರ್ಯರ ಪಾಲು ಶೂನ್ಯ.

ಮದರಾಸಿನಲ್ಲಿ ಅವರ ದಿನಚರಿ ಬದಲಾಗಲಿಲ್ಲ. ಬೆಳಗಿನ ಜಾವದ ಪೂಜೆ, ಪ್ರಾಣಾಯಾಮ, ಆಮೇಲೆ ಪಾಠ. ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದರು, ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವೊಂದನ್ನು ತಮಗಾಗಿ ತಾವೇ ರೂಪಿಸಿಕೊಂಡರು. ನೂರು ತುಂಬಿದ ಕೆಲವು ತಿಂಗಳಿಗೆ, 1989ರ ಫೆಬ್ರವರಿ 28ರಂದು ತೀರಿಕೊಂಡರು.