ಹೃದಯದ ಅಪಾಯ ಸೂಚಿಸುವ ಸಿಆರ್‌ಪಿ: ಓಸ್ವಾಲ್ಡ್ ಏವರಿ ಪ್ರಯೋಗಾಲಯದ ಕೊಡುಗೆ

ಹೃದ್ರೋಗಿಗಳ ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟರಾಲ್, ಸಕ್ಕರೆ ಅಂಶಗಳ ಜತೆಗೆ ಕೆಲವೊಮ್ಮೆ ಎಚ್‌ಎಸ್-ಸಿಆರ್‌ಪಿ ಎಂಬ ಸಾಲೂ ಕಾಣಸಿಗುತ್ತದೆ. ದೇಹದೊಳಗಿನ ಉರಿಯೂತದ ಸುಳಿವು ನೀಡಿ, ಮುಂದೆ ಎದುರಾಗಬಹುದಾದ ಹೃದಯಾಘಾತದ ಅಪಾಯವನ್ನು ಅಂದಾಜು ಮಾಡಲು ವೈದ್ಯರಿಗೆ ನೆರವಾಗುವ ಪ್ರೋಟೀನ್ ಇದು. ಡಿಎನ್‌ಎಯೇ ಆನುವಂಶಿಕ ಗುಣಗಳ ವಾಹಕ ಎಂಬುದಕ್ಕೆ ಪುರಾವೆ ಒದಗಿಸಿ ಖ್ಯಾತರಾದ ಓಸ್ವಾಲ್ಡ್ ಏವರಿ ಅವರ ಪ್ರಯೋಗಾಲಯದಲ್ಲೇ ಇದೂ ಬೆಳಕಿಗೆ ಬಂದಿತು. ಆದರೆ ಆ ಪ್ರಯೋಗಾಲಯದ ಗುರಿ ಹೃದ್ರೋಗವಾಗಿರಲಿಲ್ಲ, ನ್ಯುಮೋನಿಯಾ ಆಗಿತ್ತು.

ಏವರಿ ಜನಿಸಿದ್ದು 1877ರ ಅಕ್ಟೋಬರ್ 21ರಂದು, ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ. ತಂದೆ ಕ್ರೈಸ್ತ ಧರ್ಮಬೋಧಕರು. 1887ರಲ್ಲಿ ಕುಟುಂಬ ನ್ಯೂಯಾರ್ಕ್‌ಗೆ ಬಂದು ನೆಲೆಸಿತು. ಕೊಲಂಬಿಯಾ ವಿಶ್ವವಿದ್ಯಾಲಯದಿಂದ 1904ರಲ್ಲಿ ವೈದ್ಯ ಪದವಿ ಪಡೆದು ಕೆಲಕಾಲ ರೋಗಿಗಳಿಗೆ ಚಿಕಿತ್ಸೆ ನೀಡಿದ ಅವರು, 1907ರಲ್ಲಿ ಸಂಶೋಧನೆಯತ್ತ ಹೊರಳಿದರು. 1913ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ಪತ್ರೆ ಸೇರಿದರು. ಪ್ರತಿಜೀವಕ ಔಷಧಗಳಿಲ್ಲದ ಆ ದಿನಗಳಲ್ಲಿ ನ್ಯುಮೋನಿಯಾ ಅಸಂಖ್ಯ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಅವಿವಾಹಿತರಾಗಿಯೇ ಉಳಿದ ಏವರಿ, ಆ ರೋಗ ತರುವ ನ್ಯುಮೋಕಾಕಸ್ ಎಂಬ ಒಂದೇ ಜೀವಾಣುವಿನ ಅಧ್ಯಯನಕ್ಕೆ ಹೆಚ್ಚು ಕಡಿಮೆ ಇಡೀ ವೃತ್ತಿಜೀವನವನ್ನು ಮುಡಿಪಾಗಿಟ್ಟರು.

1930ರಲ್ಲಿ ಅವರ ಪ್ರಯೋಗಾಲಯದ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಒಂದು ವಿಚಿತ್ರವನ್ನು ಗಮನಿಸಿದರು. ಜೀವಾಣುವಿನಿಂದ ಬೇರ್ಪಡಿಸಿದ 'ಸಿ' ಎಂಬ ಶರ್ಕರಾಂಶವನ್ನು ತೀವ್ರ ಜ್ವರದಲ್ಲಿರುವ ರೋಗಿಯ ರಕ್ತದ್ರವಕ್ಕೆ ಬೆರೆಸಿದಾಗ ಗಷ್ಟು ಕಟ್ಟುತ್ತಿತ್ತು. ರೋಗಿ ಚೇತರಿಸಿಕೊಂಡ ಮೇಲೆ ಅದು ಕಾಣುತ್ತಿರಲಿಲ್ಲ. ಹೀಗೆ ಪ್ರತಿಕ್ರಿಯಿಸುವ ವಸ್ತು ಒಂದು ಪ್ರೋಟೀನ್ ಎಂಬುದನ್ನು 1941ರಲ್ಲಿ ಏವರಿ ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟರು. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ. ಉರಿಯೂತ ಉಂಟಾದಾಗ ಯಕೃತ್ತು ಇದನ್ನು ಹೆಚ್ಚಾಗಿ ಉತ್ಪಾದಿಸುತ್ತದೆ.

1944ರಲ್ಲಿ ಮೆಕ್ಲಿಯಡ್ ಮತ್ತು ಮೆಕಾರ್ಟಿ ಅವರೊಡನೆ ಡಿಎನ್‌ಎ ಕುರಿತ ಪ್ರಸಿದ್ಧ ಪ್ರಬಂಧ ಪ್ರಕಟಿಸಿದಾಗ ಏವರಿ ಅವರಿಗೆ 66 ವರ್ಷ. ಹಲವು ಬಾರಿ ಹೆಸರು ಸೂಚಿತವಾದರೂ ನೊಬೆಲ್ ಪ್ರಶಸ್ತಿ ಒಲಿಯಲಿಲ್ಲ. 1955ರ ಫೆಬ್ರವರಿ 20ರಂದು ನ್ಯಾಶ್‌ವಿಲ್‌ನಲ್ಲಿ ಅವರು ನಿಧನರಾದರು.

ಅಪಧಮನಿಯ ಗೋಡೆಯಲ್ಲಿ ಜಿಡ್ಡು ಸೇರುವುದರ ಜತೆಗೆ ಅಲ್ಲಿನ ಮಂದ ಉರಿಯೂತವೂ ಹೃದಯಾಘಾತಕ್ಕೆ ಕಾರಣವೆಂಬ ತಿಳಿವಳಿಕೆ ಬಲಗೊಂಡದ್ದು ಅವರ ಕಾಲಾನಂತರ. ಅತ್ಯಲ್ಪ ಪ್ರಮಾಣದ ಸಿಆರ್‌ಪಿಯನ್ನೂ ಅಳೆಯಬಲ್ಲ ಸೂಕ್ಷ್ಮ ಪರೀಕ್ಷೆ ಬಂದ ನಂತರ, 1997ರಲ್ಲಿ ಅಮೆರಿಕದ ಪಾಲ್ ರಿಡ್ಕರ್ ತಂಡ ಮಹತ್ವದ ಅಧ್ಯಯನ ಪ್ರಕಟಿಸಿತು. ಆರೋಗ್ಯವಂತರಾಗಿ ಕಾಣುತ್ತಿದ್ದ ಪುರುಷರಲ್ಲಿ ಸಿಆರ್‌ಪಿ ಅತಿ ಹೆಚ್ಚಿದ್ದ ಗುಂಪಿಗೆ, ಅತಿ ಕಡಿಮೆ ಇದ್ದ ಗುಂಪಿಗಿಂತ ಹೃದಯಾಘಾತದ ಅಪಾಯ ಸುಮಾರು 3 ಪಟ್ಟು ಇತ್ತು. ಒಮ್ಮೆ ಹೃದಯಾಘಾತವಾಗಿದ್ದು, ಸಿಆರ್‌ಪಿಯೂ ಹೆಚ್ಚಿದ್ದ 10 ಸಾವಿರಕ್ಕೂ ಅಧಿಕ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಿತು. ಕೊಲೆಸ್ಟರಾಲ್ ತಗ್ಗಿಸದೆ, ಉರಿಯೂತವನ್ನಷ್ಟೇ ತಗ್ಗಿಸಿದರೂ ಅಪಾಯ ಇಳಿಯಬಲ್ಲದು ಎಂಬುದು ಅದರಿಂದ ದೃಢಪಟ್ಟಿತು.

ಸಾಮಾನ್ಯವಾಗಿ ಈ ಅಂಶ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3ರವರೆಗೆ ಮಧ್ಯಮ, 3ನ್ನು ಮೀರಿದರೆ ಹೆಚ್ಚು ಎಂದು ಪರಿಗಣಿಸಲಾಗುತ್ತದೆ. ಆದರೆ ಜ್ವರ, ಸೋಂಕು, ಗಾಯ, ಸಂಧಿವಾತಗಳಲ್ಲೂ ಇದು ಏರುತ್ತದೆ. 10ನ್ನು ದಾಟಿದರೆ ಮೊದಲು ಸೋಂಕಿನಂತಹ ಬೇರೆ ಕಾರಣವನ್ನು ಹುಡುಕಿ, ಅದು ವಾಸಿಯಾದ ಬಳಿಕ ಮತ್ತೊಮ್ಮೆ ಪರೀಕ್ಷಿಸುವುದು ವಾಡಿಕೆ. ರಕ್ತದೊತ್ತಡ, ಮಧುಮೇಹ, ಧೂಮಪಾನ, ಕೊಲೆಸ್ಟರಾಲ್‌ಗಳ ಜತೆಗಿಟ್ಟು ನೋಡಿದಾಗಲೇ ಈ ಅಂಕಿಗೆ ಅರ್ಥ. ಏಕೆಂದರೆ ಏವರಿ ಅವರ ಪ್ರಯೋಗಾಲಯ ಕಂಡುಕೊಂಡದ್ದು ಉರಿಯೂತದ ಗುರುತನ್ನೇ ಹೊರತು ಹೃದ್ರೋಗವೊಂದರ ಗುರುತನ್ನಲ್ಲ.