ಸಾವು ಎದುರಿಗಿದ್ದಾಗ ಯುದ್ಧದ ಕಥೆ ಬರೆದು ಮನೆ ಉಳಿಸಿದ ಜನರಲ್ ಗ್ರ್ಯಾಂಟ್

ಅಮೆರಿಕದ ಹಳೆ ಪುಸ್ತಕದಂಗಡಿಗಳಲ್ಲಿ ಅಂತರ್ಯುದ್ಧದ ಪುಸ್ತಕಗಳ ನಡುವೆ ಹುಡುಕಿದರೆ ಹಸಿರು ರಟ್ಟಿನ ಎರಡು ದಪ್ಪ ಸಂಪುಟಗಳು ಸಿಗುವುದುಂಟು. ಅದು ಯುಲಿಸಿಸ್ ಗ್ರ್ಯಾಂಟ್ ಅವರ ಆತ್ಮಕಥೆ. 1885-86ರಲ್ಲಿ ಅಚ್ಚಾದ ಪುಸ್ತಕವಾದರೂ ಬೆಲೆ ಗಗನಕ್ಕೇರಿಲ್ಲ. ಏಕೆಂದರೆ ಆ ಕಾಲದಲ್ಲೇ 3 ಲಕ್ಷಕ್ಕೂ ಹೆಚ್ಚು ಜೋಡಿ ಮಾರಾಟವಾಗಿದ್ದವು. ಅರ್ಪಣೆಯ ಪುಟದಲ್ಲಿ ಗ್ರ್ಯಾಂಟ್ ಕೈಬರಹ ಕಂಡು ಅಸಲಿ ಎಂದು ಹಿಗ್ಗುವಂತಿಲ್ಲ, ಅದು ಅಚ್ಚು ಹಾಕಿದ ನಕಲು.

ಇದನ್ನು ಬರೆಯುವಾಗ ಗ್ರ್ಯಾಂಟ್ ಕೈಯಲ್ಲಿ ಕಾಸಿರಲಿಲ್ಲ, ಗಂಟಲಲ್ಲಿ ಕ್ಯಾನ್ಸರ್ ಇತ್ತು.

1822ರಲ್ಲಿ ಓಹಾಯೊದಲ್ಲಿ ಹುಟ್ಟಿದ ಅವರ ತಂದೆಯದು ಚರ್ಮ ಹದ ಮಾಡುವ ಕಸುಬು. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದಿ ಸೇನೆ ಸೇರಿದರು, 1854ರಲ್ಲಿ ಬಿಟ್ಟರು. ಬೇಸಾಯ ಕೈ ಹತ್ತಲಿಲ್ಲ. ಸೇಂಟ್ ಲೂಯಿಸ್ ಬೀದಿಗಳಲ್ಲಿ ಸೌದೆ ಮಾರಿದ್ದೂ ಆಯಿತು. ಕೊನೆಗೆ 38ರ ವಯಸ್ಸಿನಲ್ಲಿ ಅಪ್ಪನ ಚರ್ಮದ ಅಂಗಡಿಯಲ್ಲೇ ಕೆಲಸಕ್ಕೆ ನಿಂತರು. ಮರುವರ್ಷ ಯುದ್ಧ ಶುರುವಾಯಿತು. ಮೂರೇ ವರ್ಷದಲ್ಲಿ ಇದೇ ಮನುಷ್ಯ ಉತ್ತರದ ಎಲ್ಲ ಸೇನೆಗಳ ದಂಡನಾಯಕ! 1865ರ ಏಪ್ರಿಲ್ 9ರಂದು ದಕ್ಷಿಣದ ಜನರಲ್ ಲೀ ಶರಣಾದದ್ದು ಅವರಿಗೇ.

ನಂತರ ಎಂಟು ವರ್ಷ ಅಧ್ಯಕ್ಷಗಿರಿ. ಸುತ್ತಲಿದ್ದವರ ಭ್ರಷ್ಟಾಚಾರದಿಂದ ಹೆಸರು ಕೆಟ್ಟಿತು. ಆಮೇಲೆ ವಿಶ್ವ ಪ್ರವಾಸ ಹೊರಟು, 1879ರ ಫೆಬ್ರವರಿಯಲ್ಲಿ ಮುಂಬೈಗೂ ಬಂದಿಳಿದರು, ಆಗ್ರಾದ ತಾಜ್ ಮಹಲನ್ನೂ ನೋಡಿದರು.

1884ರ ಮೇನಲ್ಲಿ ಸಿಡಿಲು ಬಡಿಯಿತು. ವಾಲ್ ಸ್ಟ್ರೀಟ್ ಪಾಲುದಾರ ಫರ್ಡಿನಂಡ್ ವಾರ್ಡ್ ವಂಚಿಸಿ ಕಂಪನಿಯನ್ನೇ ಮುಳುಗಿಸಿದ್ದ. ಅವನ ಮಾತು ನಂಬಿ ಗ್ರ್ಯಾಂಟ್ ಸಿರಿವಂತ ವಿಲಿಯಂ ವಾಂಡರ್‌ಬಿಲ್ಟ್ ಬಳಿ 1.5 ಲಕ್ಷ ಡಾಲರ್ ಸಾಲ ತಂದಿದ್ದರು. ಅದನ್ನು ತೀರಿಸಲು ಕತ್ತಿ, ಪದಕಗಳನ್ನೂ ಒಪ್ಪಿಸಿಬಿಟ್ಟರು. ಅದೇ ವರ್ಷ ಕ್ಯಾನ್ಸರ್ ಕೂಡ ಪತ್ತೆಯಾಯಿತು.

ಸೆಂಚುರಿ ಪತ್ರಿಕೆ ಯುದ್ಧದ ಬಗ್ಗೆ ಲೇಖನ ಕೇಳಿತು. ಲೇಖನವೊಂದಕ್ಕೆ 500 ಡಾಲರ್. ಶೈಲೊ ಕದನದ ಬಗ್ಗೆ ಕಳಿಸಿದ ಮೊದಲ ಬರಹವೋ, ಶುದ್ಧ ಸರಕಾರಿ ವರದಿ. ಸಂಪಾದಕರು ಬಂದು ಕೂತು, ಕಣ್ಣಾರೆ ಕಂಡದ್ದನ್ನು ಬರೆಯಿರಿ ಎಂದು ತಿದ್ದಿದ ಮೇಲೆ ಬರವಣಿಗೆಯ ಗುಟ್ಟು ಹಿಡಿಯಿತು. ಪುಸ್ತಕಕ್ಕೆ ಸೆಂಚುರಿಯವರು ಕೊಡಲು ಹೊರಟಿದ್ದು ಶೇ 10 ರಾಯಧನ. ಸ್ವಂತ ಪ್ರಕಾಶನ ನಡೆಸುತ್ತಿದ್ದ ಸಾಹಿತಿ ಮಾರ್ಕ್ ಟ್ವೇನ್ ಲಾಭದಲ್ಲಿ ಶೇ 70 ಪಾಲು ಕೊಡಲು ಮುಂದೆ ಬಂದರು.

ಹೇಳಿ ಬರೆಸುತ್ತಿದ್ದವರಿಗೆ ದನಿ ನಿಂತುಹೋಯಿತು. ಕೈಗೆ ಪೆನ್ಸಿಲ್ ತೆಗೆದುಕೊಂಡರು. ನೋವು ತಡೆಯಲು ಗಂಟಲಿಗೆ ಕೊಕೇನ್ ಸವರುತ್ತಿದ್ದರು. 1885ರ ಜೂನ್‌ನಲ್ಲಿ ಮೌಂಟ್ ಮೆಕ್‌ಗ್ರೆಗರ್ ಬೆಟ್ಟದ ಮನೆಗೆ ಕರೆದೊಯ್ದರು. ಅಲ್ಲಿನ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಹಸ್ತಪ್ರತಿ ತಿದ್ದಿದರು. ಕೆಲಸ ಮುಗಿಸಿದ ಕೆಲವೇ ದಿನಗಳಲ್ಲಿ, ಜುಲೈ 23ರಂದು ತೀರಿಕೊಂಡರು.

ಪುಸ್ತಕವನ್ನು ಮನೆ ಮನೆಗೆ ಹೊತ್ತು ಮಾರಿದವರಲ್ಲಿ ಅವರದೇ ಸೇನೆಯ ಮಾಜಿ ಸೈನಿಕರಿದ್ದರು. 1886ರ ಫೆಬ್ರವರಿಯಲ್ಲಿ ಪತ್ನಿ ಜೂಲಿಯಾಗೆ ಸಿಕ್ಕ ಮೊದಲ ಚೆಕ್ 2 ಲಕ್ಷ ಡಾಲರ್. ಒಟ್ಟು ಬಂದದ್ದು ಸುಮಾರು 4.5 ಲಕ್ಷ.

ಕೋಲ್ಡ್ ಹಾರ್ಬರ್‌ನಲ್ಲಿ ಸಾವಿರಾರು ಸೈನಿಕರು ಸತ್ತ ಇಲ್ಲವೇ ಗಾಯಗೊಂಡ ಕೊನೆಯ ದಾಳಿಗೆ ಅವರು ಪುಸ್ತಕದಲ್ಲಿ ಪಶ್ಚಾತ್ತಾಪ ಪಟ್ಟಿದ್ದಾರೆ. ಆದರೆ ಎಲ್ಲ ತಪ್ಪಿಗೂ ಅಲ್ಲಿ ಜಾಗ ಸಿಕ್ಕಿಲ್ಲ. 1862ರ ಡಿಸೆಂಬರ್‌ನಲ್ಲಿ ತಮ್ಮ ಸೇನಾ ವಲಯದಿಂದ ಯಹೂದಿಗಳನ್ನು ಹೊರಹಾಕಲು ಗ್ರ್ಯಾಂಟ್ ಆದೇಶ ಹೊರಡಿಸಿದ್ದರು. ಕೆಲವೇ ವಾರಗಳಲ್ಲಿ ಲಿಂಕನ್ ಅದನ್ನು ರದ್ದು ಮಾಡಿಸಿದರು. ಆ ಸಂಗತಿ ತಿಳಿಯಬೇಕೆಂದರೆ ಅದೇ ಕಪಾಟಿನಿಂದ ಬೇರೊಂದು ಪುಸ್ತಕ ತೆಗೆಯಬೇಕು.